ಮೂರು ಕಾಲಿನ ಸ್ಟೂಲು

ನಮ್ಮ ಎರ್ಜುರುಮಿನಲ್ಲಿ ಸಕ್ಕರೆಯನ್ನು ಚಹಾಕ್ಕೆ ಹಾಕುವುದಿಲ್ಲ,
ಹಲ್ಲುಗಳ ನಡುವೆ ಕಚ್ಚಿ ಹಿಡಿಯುತ್ತೇವೆ.
ಕಲ್ಲಿನಂಥ ತುಣುಕು. ಅದರ ಮೇಲಿಂದ ಬಿಸಿ ಚಹಾ
ಬಂಡೆ ದಾಟುವ ತೊರೆಯ ಹಾಗೆ ಇಳಿಯುತ್ತದೆ.
ಒಂದು ತುಣುಕಿಗೆ ಎರಡು ಲೋಟ ಕುಡಿಯುವವನು ಜಾಣ;
ನಾನು ಲೋಟಕ್ಕೆ ಎರಡು ತುಣುಕಿನವನು.

ಮೂವತ್ತೊಂದು ವರ್ಷ ರೈಲ್ವೆ ಯಾರ್ಡಿನಲ್ಲಿ ಹಳಿ ಬದಲಿಸಿದೆ.
ಗಾಡಿ ಬರುವ ಮುನ್ನ ಒಂದು ಲೋಟ, ಹೋದ ಮೇಲೊಂದು,
ತಡವಾದರೆ, ಕಾಯುವುದಕ್ಕೆಂದು, ಮತ್ತೊಂದು.
ನಮ್ಮ ಕಡೆ ಗಾಡಿಗಳು ತಡವಾಗಿಯೇ ಬರುತ್ತವೆ.

ಡಾಕ್ಟರು, ಇನ್ನೂ ಸಣ್ಣ ಹುಡುಗಿ, ನನ್ನ ಕಾಲಿನ ಹೆಬ್ಬೆರಳನ್ನು
ಪೆನ್ನಿನ ತುದಿಯಿಂದ ಮುಟ್ಟಿ ಕೇಳಿದಳು: "ಗೊತ್ತಾಗುತ್ತಾ?"
"ಏನು?" ಎಂದೆ.
ಅವಳು ಬರೆದುಕೊಂಡಳು.

ಮನೆಗೆ ಬಂದು ಆಣೆಯಿಟ್ಟೆ. ಒಮ್ಮೆಯಲ್ಲ, ನಾಲ್ಕು ಸಲ.
ಸೋಮವಾರದ ಆಣೆ ಬುಧವಾರಕ್ಕೆ ಕರಗಿತು,
ರಂಜಾನಿನ ಆಣೆ ಹಬ್ಬದ ಬೆಳಿಗ್ಗೆಯೇ.
ಆ ಹಬ್ಬಕ್ಕೆ ಹೆಸರೇ ಸಕ್ಕರೆ ಹಬ್ಬ;
ತಪ್ಪು ನನ್ನದೊಂದೇ ಅಲ್ಲ.

ಹೆಂಡತಿ ಹಾಜೆರ್ ಆಣೆಯಿಡುವವಳಲ್ಲ.
ಒಂದು ಸಂಜೆ ಏನೂ ಹೇಳದೆ ಸಕ್ಕರೆ ಡಬ್ಬಿಯನ್ನೆತ್ತಿ
ಎಲ್ಲಕ್ಕಿಂತ ಮೇಲಿನ ಹಲಗೆಗೆ ಏರಿಸಿದಳು,
ಅಳಿಯ ಕೊಟ್ಟ, ನಾವು ಮುಟ್ಟದ ತಟ್ಟೆಗಳ ಹಿಂದೆ.
ಬೀಗ ಹಾಕಲಿಲ್ಲ. ಸ್ಟೂಲನ್ನೂ ಬಚ್ಚಿಡಲಿಲ್ಲ,
ಬಾಲ್ಕನಿಯಲ್ಲಿ, ಹಿಮದಲ್ಲಿ, ಅದರ ಪಾಡಿಗದು.

ಬೇಕಾದರೆ ಎದ್ದು ಹೋಗಬೇಕು, ಬಾಗಿಲು ತೆರೆದು
ಮೈನಸ್ ಇಪ್ಪತ್ತರ ಗಾಳಿಗೆ ಮುಖವೊಡ್ಡಿ,
ಹಿಮ ಕೊಡವಿ, ಒಳಗೆ ತಂದು, ಹತ್ತಿ, ತಡಕಿ,
ಅಷ್ಟರಲ್ಲಿ ಚಹಾ ಆರಿಹೋಗಿರುತ್ತದೆ.
ಸತ್ಯ ಹೇಳುತ್ತೇನೆ: ನನ್ನ ಛಲ ಮಾಡದ ಕೆಲಸವನ್ನು
ನನ್ನ ಸೋಮಾರಿತನ ಮಾಡಿತು.

ಬರಿ ಚಹಾ. ಮೊದಲ ವಾರ ಅದು ತುಕ್ಕಿನ ನೀರು.
ನಾಲಿಗೆ ಕೆನ್ನೆಯ ಒಳಗೋಡೆಯನ್ನು ತಡವುತ್ತಿತ್ತು,
ಬಿದ್ದ ಹಲ್ಲಿನ ಜಾಗವನ್ನು ತಡವುವ ಹಾಗೆ.
ಮೂರನೇ ವಾರ, ಯಾಕೋ, ಎಲೆಯ ರುಚಿ ಬಂತು.
ಅರವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು:
ಚಹಾ ಒಂದು ಗಿಡ.

ಯಾರ್ಡಿನಲ್ಲಿ ಹಳಿ ಸರಿಯುವುದು ನಾಲ್ಕೇ ಬೆರಳು,
ಗಾಡಿ ಹೋಗಿ ಮುಟ್ಟುವುದು ಬೇರೆಯೇ ಊರು.
ಉಳಿದವೂ ಹಾಗೆಯೇ ಬಂದವು, ಹೇಳದೆ ಕೇಳದೆ.
ಬಿಳಿ ಬ್ರೆಡ್ಡು ಮೇಜಿನ ನಡುವಿನಿಂದ ಅಂಚಿಗೆ ಸರಿಯಿತು;
ಅಲ್ಲಿ ಈಗ ಗೋಧಿನುಚ್ಚು, ಚನ್ನಂಗಿ ಬೇಳೆಯ ಸಾರು,
ಬೇಸಗೆಯಲ್ಲಿ ಮೊಸರಿಗೆ ಕಲಸಿದ ಗೋಳಿಸೊಪ್ಪು.
ಉಂಡ ಮೇಲೆ ಸ್ಟೇಷನ್ನಿನವರೆಗೆ ನಡೆಯುತ್ತೇನೆ,
ಕೇಳಿದವರಿಗೆ "ಗಾಡಿ ನೋಡಲು" ಎನ್ನುತ್ತೇನೆ.

ಸಂತನಾದೆ ಎಂದುಕೊಳ್ಳಬೇಡಿ.
ತಮ್ಮ ದುರ್ಸುನ್‌ನನ್ನು ಮಣ್ಣುಮಾಡಿ ಬಂದ ರಾತ್ರಿ,
ಫೆಬ್ರವರಿ, ಎರಡು ಗಂಟೆ, ಬಾಲ್ಕನಿ ಬಾಗಿಲು ತೆರೆದೆ.
ಸ್ಟೂಲಿನ ಮೂರು ಕಾಲೂ ಮಂಜುಗಡ್ಡೆಗೆ ಅಂಟಿದ್ದವು.
ಕಿತ್ತು ತಂದೆ.
ಮೂರು ತುಣುಕು, ಚಹಾ ಕೂಡ ಇಲ್ಲದೆ,
ಕತ್ತಲಲ್ಲಿ ನಿಂತು ಕಟಕಟ ಕಡಿದೆ.
ಆ ಸದ್ದಿಗೆ ಊರೇ ಎದ್ದೀತು ಅನ್ನಿಸಿತು.

ಬೆಳಿಗ್ಗೆ ಸ್ಟೂಲು ಬಾಲ್ಕನಿಗೆ ಮರಳಿತ್ತು;
ನಾನು ಇಟ್ಟಿರಲಿಲ್ಲ.
ನನ್ನ ಮುಂದೆ ಸಾರಿನ ಬಟ್ಟಲು, ಹಿಂಡಿದ ನಿಂಬೆಹೋಳು.
ಹಾಜೆರ್ ಕಿಟಕಿಯಾಚೆ ನೋಡುತ್ತಾ ಕೇಳಿದಳು:
"ಒಂಬತ್ತರ ಗಾಡಿ ಇವತ್ತೂ ತಡವೇ?"
"ತಡವೇ," ಎಂದೆ. ಉಂಡೆ.

ಮೊನ್ನೆ ಜುಲೈನಲ್ಲಿ ನೆಂಟರು ಬಂದರು, ಆ ತಟ್ಟೆಗಳು ಬೇಕಾದವು.
ಹತ್ತಿ ನೋಡಿದರೆ ಡಬ್ಬಿಯ ಸುತ್ತ ಇರುವೆ ಸಾಲು.
ಆರಾರು ಕಾಲು; ಎಲ್ಲದರಲ್ಲೂ ಸ್ಪರ್ಶವಿದ್ದೀತು.
ಸ್ಟೂಲಿಲ್ಲದೆ ಅಷ್ಟೆತ್ತರ ಏರಿದ್ದವು.
ಒರೆಸಲು ಮನಸ್ಸಾಗಲಿಲ್ಲ.
ತಟ್ಟೆ ಮಾತ್ರ ಇಳಿಸಿಕೊಂಡೆ.